ಎಡಕ್ಕೆ ಹೋದ ದೋಣಿ

ಮೊನ್ನೆ ಮೊದಲ ಮಳೆ ಬಿದ್ದ ದಿನ ಕಪಾಟಿನ ಬಾಗಿಲು ತೆಗೆದು ಒಳಗಿನ ಬಲ್ಬು ಹಾಕಿದೆ. ಮಳೆಗಾಲದ ನಾಲ್ಕು ತಿಂಗಳು ನನ್ನ ಡ್ರಾಯಿಂಗ್ ಶೀಟುಗಳು ಬದುಕುವುದು ಆ ಬಲ್ಬಿನ ಕಾವಿನಲ್ಲಿ. ಇಲ್ಲದಿದ್ದರೆ ನಮ್ಮೂರು ನಾವುಂದದ ಕಡಲಗಾಳಿಗೆ ಅವು ಹಸಿ ಹಪ್ಪಳದ ಹಾಗೆ ಮೆತ್ತಗಾಗುತ್ತವೆ. ಸ್ವಲ್ಪ ಹೊತ್ತಿಗೆ ಬೆಚ್ಚಗಾದ ಕಾಗದ, ಕಪ್ಪು ಶಾಯಿ, ನುಸಿಗುಳಿಗೆ ಎಲ್ಲ ಸೇರಿದ ವಾಸನೆ ಹೊರಗೆ ಬಂತು. ಪ್ರತಿ ವರ್ಷ ಬರುವ ವಾಸನೆಯೇ. ಆದರೆ ನಾಲ್ಕು ವರ್ಷದ ಹಿಂದಿನ ಆ ಮಳೆಗಾಲದಿಂದ ಈಚೆಗೆ ಅದು ಮೂಗಿಗೆ ಬಡಿದರೆ ನನ್ನ ಮೇಜು ಎತ್ತ ಮುಖ ಮಾಡಿದೆ ಎಂದು ಒಮ್ಮೆ ತಿರುಗಿ ನೋಡುತ್ತೇನೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದನ್ನು ಮುಚ್ಚಿಡಬೇಕು ಎಂದು ನನಗೆ ಯಾವತ್ತೂ ಅನಿಸಿಲ್ಲ. ಮನೆಯವರು ಕಡಲಿಗೆ ಹೋಗುವವರು, ನಾನು ಮುಂಬಯಿಗೆ ಹೋದೆ. ಮೊದಲು ಹೋಟೆಲಿನಲ್ಲಿ ಟೇಬಲ್ ಒರೆಸಿದೆ, ಆಮೇಲೆ ಸಿನಿಮಾ ಬ್ಯಾನರ್ ಬರೆಯುವವರ ಕೈಕೆಳಗೆ ಬಣ್ಣ ಕಲಸಿದೆ, ಕೊನೆಗೆ ಒಂದು ಕಾಮಿಕ್ಸ್ ಸ್ಟುಡಿಯೋದಲ್ಲಿ ಬೇರೆಯವರ ಪೆನ್ಸಿಲ್ ಗೆರೆ ಅಳಿಸುವ ಕೆಲಸಕ್ಕೆ ಸೇರಿದೆ. ಅಳಿಸುತ್ತಾ ಅಳಿಸುತ್ತಾ ಗೆರೆ ಹೇಗೆ ಹೋಗುತ್ತದೆ ಎಂದು ಕಲಿತೆ. ಇಪ್ಪತ್ತಾರು ವರ್ಷ ಬೇರೆಯವರ ಕತೆಗೆ ಚಿತ್ರ ಬರೆದೆ. ರಾಜ, ರಾಕ್ಷಸ, ಪತ್ತೇದಾರ, ಮಾತಾಡುವ ಮಂಗ, ಯಾವುದಕ್ಕೂ ಇಲ್ಲ ಅನ್ನಲಿಲ್ಲ. ಯಾವುದರ ಮೇಲೂ ನನ್ನ ಹೆಸರು ದೊಡ್ಡದಾಗಿ ಇರಲಿಲ್ಲ.

ಆ ವರ್ಷ ಬರೆಯುತ್ತಿದ್ದದ್ದು ನನ್ನದೇ ಪುಸ್ತಕ. ಎಪ್ಪತ್ತೆರಡು ಪುಟ. ಕತೆ ಸೀನ ಭಾವನದು, ಅಂದರೆ ನನ್ನ ಹೆಂಡತಿ ಸುಮತಿಯ ಅಣ್ಣನದು.

ಸೀನ ಭಾವನನ್ನು ಊರಿನಲ್ಲಿ ಕರೆಯುವುದು 'ಬಲೆ ಕಡಿದ ಸೀನ' ಎಂದು. ಹಿಂದೆ ಒಂದು ಮಳೆಗಾಲದಲ್ಲಿ ಇಬ್ಬರೇ ಹೋಗುವ ಸಣ್ಣ ದೋಣಿಯಲ್ಲಿ ಅವನೂ ಇನ್ನೊಬ್ಬ ಹಿರಿಯರೂ ಬಲೆ ಬಿಟ್ಟುಕೊಂಡು ಕೂತಿದ್ದಾಗ ಗಾಳಿ ಎದ್ದಿತು. ದೋಣಿ ಬಲೆ ಇಲ್ಲದೆ ದಡಕ್ಕೆ ಬಂತು. ಊರು ಕಂಡದ್ದು ಅಷ್ಟೇ. ಹೆದರಿ ಬಲೆ ಕಡಿದು ಓಡಿ ಬಂದ ಎಂದು ಮಾತಾಯಿತು. ನಿಜ ಬೇರೆ ಇತ್ತು. ಅವರಿಗಿಂತ ಇನ್ನೂ ಹೊರಗೆ ಇದ್ದ ಇನ್ನೊಂದು ದೋಣಿ ಮಳೆಯಲ್ಲಿ ಕಾಣದೆ ಹೋದಾಗ, ಅದನ್ನು ಹುಡುಕಲು ಭಾವ ಬಲೆ ಕಡಿದು, ದಡಕ್ಕೆ ಬೆನ್ನು ಹಾಕಿ ಮತ್ತೂ ಪಡುವಣಕ್ಕೆ ಹೋಗಿದ್ದ. ಸಿಗಲಿಲ್ಲ. ಸಿಗುವುದಾದರೂ ಹೇಗೆ? ಆ ದೋಣಿಯವರು ಬೇರೆ ದಾರಿಯಲ್ಲಿ ಗಂಗೊಳ್ಳಿಯ ಅಳಿವೆ ಹೊಕ್ಕು ಸುಖವಾಗಿದ್ದರು. ಜೊತೆಗಿದ್ದ ಹಿರಿಯರು ಮರುವರ್ಷ ಕಾಯಿಲೆಯಲ್ಲಿ ತೀರಿಕೊಂಡರು. ಸಾಕ್ಷಿ ಹೇಳಲು ಯಾರೂ ಉಳಿಯಲಿಲ್ಲ.

"ಊರಿಗ್ ಹೇಳುಕಾಗಿತ್ತಲಾ ಭಾವ?" ಎಂದು ಕೇಳಿದ್ದೆ.

"ಚಾ ಕುಡೀತಾ ಕೂತವ್ರನ್ನ ನಾ ಕಡಲಂಗೆ ಹುಡುಕ್ದೆ ಅಂದ್ರೆ ಜನ ಬಿದ್ದ್ ಬಿದ್ದ್ ನಗ್ತಿದ್ರ್ ಮಾರಾಯ. ಹೆದ್ರಿದ್ದೇ ಆಯ್ಲಿ" ಎಂದಿದ್ದ. ಆಮೇಲೆ ಅವನು ಕಡಲಿಗೆ ಹೋಗಲಿಲ್ಲ. ಐಸ್ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿದ. ಈ ಕತೆಯನ್ನು ಅವನು ಬಾಯಿಬಿಟ್ಟು ಹೇಳಿದ್ದು ನನಗೆ ಒಬ್ಬನಿಗೇ. ಪುಸ್ತಕ ಮಾಡುತ್ತೇನೆ ಎಂದಾಗ, "ಸಮ ಬರೂದಾರೆ ಬರಿ" ಎಂದ.

ಸಮ, ಅಂದರೆ ಸರಿಯಾಗಿಯೇ ಬರೆದೆ ಎಂದು ನಾನು ತಿಳಿದಿದ್ದೆ. ಹೊರಗಿನ ದೋಣಿ ಮಳೆಯಲ್ಲಿ ಮರೆಯಾಗುವುದು ನಲವತ್ತನೇ ಪುಟದಲ್ಲಿ. ಮುಖ್ಯ ಜಾಗ ನಲವತ್ತೊಂದನೇ ಪುಟದಿಂದ ನಲವತ್ತೆಂಟರವರೆಗೆ. ಆ ಎಂಟು ಪುಟದಲ್ಲಿ ಒಂದು ಅಕ್ಷರ ಇಲ್ಲ. ಮಳೆ, ಅಲೆ, ದೋಣಿ, ಬಾಯಿಗೆ ಕೈ ಅಡ್ಡ ಹಿಡಿದು ಕೂಗುವ ಭಾವ. ದಡ ಎಲ್ಲೂ ಕಾಣುವುದಿಲ್ಲ. ಮಳೆಯ ಒಂದೊಂದು ಗೆರೆಯನ್ನೂ ಬ್ರಶ್ಶಿನಲ್ಲಿ ಎಳೆದಿದ್ದೆ. ಒಂದು ಪುಟಕ್ಕೆ ಮೂರು ದಿನ ಹಿಡಿದಿತ್ತು. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಇನ್ನೇನನ್ನೂ ಬರೆದಿರಲಿಲ್ಲ.

ಬಸ್ರೂರಿನಲ್ಲಿ ನಿವೃತ್ತ ಡ್ರಾಯಿಂಗ್ ಮಾಸ್ತರರೊಬ್ಬರಿದ್ದಾರೆ, ಗೋಪಾಲ ಮಾಷ್ಟ್ರು. ತಿಂಗಳ ಮೊದಲ ಭಾನುವಾರ ಅವರ ಮನೆಯ ಉಪ್ಪರಿಗೆಯಲ್ಲಿ ಚಿತ್ರ ಬರೆಯುವ ನಾವು ಐದು ಜನ ಸೇರುವುದು ರೂಢಿ. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ, ಬಟ್ಟೆಯ ಕ್ಲಿಪ್ಪು ಹಾಕಿ, ಮುಗಿದ ಪುಟಗಳನ್ನು ಸಾಲಾಗಿ ತೂಗುಹಾಕುವುದು. ಆ ದಿನ ಯಾರ ಪುಟವೋ ಅವರ ಬಾಯಿಗೆ ಮಾಷ್ಟ್ರು ಒಂದು ಒಣ ನೆಲ್ಲಿಕಾಯಿ ಹಾಕುತ್ತಾರೆ. ಎಲ್ಲರೂ ಹೇಳಿ ಮುಗಿಸುವವರೆಗೆ ಅದು ಬಾಯಿಯಲ್ಲೇ ಇರಬೇಕು, ಮಾತಾಡುವಂತಿಲ್ಲ. "ಪುಸ್ತಕ ಓದುವವನ ಮನೆಗೆ ನೀನು ಹೋಗಿ ಅರ್ಥ ಹೇಳ್ತಿಯಾ? ಇಲ್ಲ ಅಲ್ವಾ? ಹಾಗಾದ್ರೆ ಇಲ್ಲೂ ಬಾಯ್ಮುಚ್ಚು" ಎಂಬುದು ಅವರ ಶಾಸ್ತ್ರ.

ನಿಜ ಹೇಳಬೇಕೆಂದರೆ ಅಂದು ನಾನು ತಪ್ಪು ಹೇಳಿಸಿಕೊಳ್ಳಲು ಹೋದದ್ದಲ್ಲ. ಹೊಗಳಿಸಿಕೊಳ್ಳಲು ಹೋದದ್ದು. ಇನ್ನು ಹದಿನೈದು ದಿನಕ್ಕೆ, ಸೋಮವಾರ, ಮಂಗಳೂರಿನ ಪ್ರಕಾಶಕರ ಕೈಗೆ ಮೂಲ ಪುಟಗಳನ್ನು ಕೊಡಬೇಕಾಗಿತ್ತು. ಎಲ್ಲ ಮುಗಿದಿತ್ತು. ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಸ್ರೂರಿಗೆ ಹೋದೆ.

ಹಗ್ಗದಲ್ಲಿ ತೂಗುಹಾಕಿದ ಪುಟಗಳು ಗಾಳಿಗೆ ಸಣ್ಣಗೆ ಅಲ್ಲಾಡುತ್ತಿದ್ದವು. ಎಲ್ಲರೂ ಹಿಂದೆ ಕೈ ಕಟ್ಟಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನ ನಡೆದರು. ಮೊದಲು ಮಾತಾಡಿದವಳು ಕೊಕ್ಕರ್ಣೆಯ ವಸಂತಿ. ಮಕ್ಕಳ ಪತ್ರಿಕೆಗಳಿಗೆ ಚಿತ್ರ ಬರೆಯುತ್ತಾಳೆ, ನನಗಿಂತ ಇಪ್ಪತ್ತು ವರ್ಷ ಸಣ್ಣವಳು. ಬ್ರಶ್ಶನ್ನು ಹೇಗೆ ಹಿಡಿಯುವುದು ಎಂದು ಅವಳಿಗೆ ತೋರಿಸಿಕೊಟ್ಟದ್ದು ನಾನು.

"ಶಂಕ್ರಣ್ಣ, ಈ ಎಂಟ್ ಪುಟ ಕಂಡ್ ನಂಗೆ ಮೈ ಜುಂ ಅಂತ್" ಎಂದಳು. ನೆಲ್ಲಿಕಾಯಿಯ ಹುಳಿಯಲ್ಲೂ ನನ್ನ ಮುಖ ಅರಳಿತು. ಅವಳು ಮುಂದುವರಿಸಿದಳು. "ಹೆದ್ರಿ ದಡಕ್ಕ್ ಓಡಿ ಬಪ್ಪುದನ್ನ ಇಷ್ಟ್ ಲಾಯ್ಕ್ ಮಾಡಿ ನಾ ಎಲ್ಲೂ ಕಾಣ್ಲಿಲ್ಲ. ಆ ಬೆನ್ನ್ ಕಾಣಿ. ಬಲೆ ಕಡ್ದ್, ಎಲ್ಲ ಬಿಟ್ಟ್, ಜೀವ ಉಳ್ಸ್ಕಂಬುಕ್ ಓಡುವ ಜನದ ಬೆನ್ನ್ ಅದ್."

ನಾನು ತಪ್ಪಾಗಿ ಕೇಳಿಸಿಕೊಂಡೆ ಅನಿಸಿತು.

"ಹೌದೌದು," ಎಂದರು ಮಾಷ್ಟ್ರು. "ಕೈ ಅಡ್ಡ ಹಿಡಿದು ಕೂಗ್ತಾನಲ್ಲ, ದಡದವರೇ ಕಾಪಾಡಿ ಅಂತ. ಅಲ್ಲಿ ಕರುಳು ಚುರ್ ಅಂತದೆ." ಉಳಿದ ಇಬ್ಬರೂ ತಲೆ ಆಡಿಸಿದರು. ಒಬ್ಬರಾದರೂ ಬೇರೆ ಹೇಳಲಿ ಎಂದು ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ನಾಲ್ಕು ಜನ, ನಾಲ್ವರೂ ಒಂದೇ ಮಾತು. ಅದೂ ಹೊಗಳಿಕೆಯ ಮಾತು. ಊರು ಇಷ್ಟು ವರ್ಷ ಹೇಳಿದ್ದನ್ನೇ ನನ್ನ ಚಿತ್ರದ ಎದುರು ನಿಂತು ಇವರು ಹೇಳುತ್ತಿದ್ದರು.

ನೆಲ್ಲಿಕಾಯಿಯನ್ನು ಅಂಗೈಗೆ ಉಗಿದೆ. ಹತ್ತು ವರ್ಷದಲ್ಲಿ ಆ ಉಪ್ಪರಿಗೆಯಲ್ಲಿ ಹಾಗೆ ಯಾರೂ ಮಾಡಿರಲಿಲ್ಲ.

"ಅವ ಬಪ್ಪುದಲ್ಲ! ಕಡ್ಲಿಗ್ ಹೋಪುದ್!" ಎಂದು ಕಿರುಚಿದೆ. "ಕಣ್ಣಿತ್ತಾ ನಿಮ್ಗೆ? ದೋಣಿ ಎಡಕ್ಕ್ ಹೋತಿತ್ತ್. ಕಡ್ಲ್ ಇಪ್ಪುದ್ ಎಡಕ್ಕಲ್ದೆ ಮತ್ತೆಲ್ಲಿ?"

"ಎಡಕ್ಕಾ?" ವಸಂತಿ ಪುಟಗಳತ್ತ ನೋಡಿದಳು. ಅವಳ ದನಿ ಸಣ್ಣದಾಯಿತು. "ಎಡಕ್ಕ್ ಕಡ್ಲ್ ಅಂದೇಳಿ ಯಾರ್ ಹೇಳ್ದ್ರ್ ಶಂಕ್ರಣ್ಣ? ಓದುವವ್ರ್ ಎಡದಿಂದ ಬಲಕ್ಕ್ ಹೋತ್ರಲಾ. ಎದ್ರ್ ಬಪ್ಪುದೆಲ್ಲ ಅವ್ರಿಗ್ ವಾಪಾಸ್ ಬಂದಂಗೇ."

"ನೀ ನಂಗೆ ಕಲ್ಸುದ್ ಬೇಡ ಮಾರಾಯ್ತಿ. ನೀ ಬ್ರಶ್ ತೊಳೀತಿಪ್ಪತ್ತಿಗೆ ನಾ ಪುಸ್ತಕ ಮಾಡಿದ್ದೆ."

ಕ್ಲಿಪ್ಪುಗಳನ್ನು ಒಂದೊಂದಾಗಿ ಕಿತ್ತು ಪುಟಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದೆ. ಮಾಷ್ಟ್ರು ಮೆಟ್ಟಿಲ ತನಕ ಬಂದು, "ಶಂಕ್ರ, ಒಂದು ಸಾಲು ಬರೆದುಬಿಡು ಮಾರಾಯ. 'ಅವನು ಕಡಲಿನ ಕಡೆಗೆ ತಿರುಗಿದ' ಅಂತ. ಮುಗೀತು" ಎಂದರು. ಕಟ್ಟನ್ನು ಎದೆಗೆ ಅವಚಿಕೊಂಡು ಇಳಿದೆ. ಚಿತ್ರ ಒಂದು ಹೇಳಿ ಅಕ್ಷರ ಇನ್ನೊಂದು ಹೇಳಿದರೆ ಜನ ನಂಬುವುದು ಚಿತ್ರವನ್ನು. ಇಷ್ಟು ವರ್ಷ ಅದೇ ನಂಬಿಕೆಯ ಮೇಲೆ ನಾನು ಊಟ ಮಾಡಿದವನು.

ಮನೆಗೆ ಬಂದು ಮೇಜಿನ ಎದುರು ಕೂತೆ. ನನ್ನ ಮೇಜು ಬಡಗಣ ಕಿಟಕಿಗೆ ಮುಖ ಮಾಡಿದೆ. ಚಿತ್ರ ಬರೆಯುವವರಿಗೆ ಆ ದಿಕ್ಕಿನ ಬೆಳಕು ಒಳ್ಳೆಯದು, ಬಿಸಿಲು ನೇರ ಬೀಳುವುದಿಲ್ಲ. ಹಾಗೆ ಕೂತರೆ ಕಡಲು ಎಡಗಿವಿಗೆ. ಮುಂಬಯಿ ಬಿಟ್ಟು ಊರಿಗೆ ಬಂದ ಈ ಹನ್ನೆರಡು ವರ್ಷದಿಂದ ಎಡಗಿವಿಯಲ್ಲಿ ಅಲೆಯ ಸದ್ದು ಕೇಳುತ್ತಾ ಗೆರೆ ಎಳೆದವನು ನಾನು. ಕಡಲಿಗೆ ಹೋಗು ಎಂದರೆ ನನ್ನ ಕೈ ತಾನಾಗಿ ಎಡಕ್ಕೆ ಹೋಗುತ್ತದೆ. ಅದು ನನಗೆ ಆವತ್ತೇ ಹೊಳೆಯಿತು. ಹೊಳೆದರೂ ಒಪ್ಪಲಿಲ್ಲ. ಅವರು ಬಸ್ರೂರು, ಕೊಕ್ಕರ್ಣೆಯವರು. ಅವರಿಗೆ ಕಡಲಿನ ದಿಕ್ಕು ಎಂತ ಗೊತ್ತು? ಕಡಲಿನವನೇ ನೋಡಲಿ ಎಂದು ಹಟ ಹಿಡಿದೆ.

ಮೂರನೇ ದಿನ ಮಧ್ಯಾಹ್ನ ಸೀನ ಭಾವನನ್ನು ಕರೆಸಿದೆ. ಐಸಿನ ತಣ್ಣನೆ ವಾಸನೆಯೊಂದಿಗೆ ಒಳಗೆ ಬಂದು, ಕೊಡೆ ಮಡಚಿ ಮೂಲೆಗೆ ಇಟ್ಟ. ನಾನು ಚಾವಡಿಯ ನೆಲದ ಮೇಲೆ ಪುಟಗಳನ್ನು ಸಾಲಾಗಿ ಹಾಸಿದೆ. ಎಡತುದಿಯಲ್ಲಿ ಮೊದಲ ಪುಟ, ನಮ್ಮ ದಡ, ತೆಂಗಿನಮರ, ದೋಣಿ ನೂಕುವ ಜನ. ಭಾವ ಮಂಡಿಯೂರಿ ಒಂದೊಂದೇ ಪುಟ ನೋಡುತ್ತಾ ಬಂದ. ಸುಮತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಆ ಎಂಟು ಪುಟದ ಹತ್ತಿರ ಅವನ ಕೈ ನಿಂತಿತು. ಅವನ ಬೆರಳು ದೋಣಿಯ ಮೂತಿಯ ಮೇಲಿತ್ತು. ದೋಣಿಯ ಮೂತಿ ಎತ್ತ ತೋರಿಸುತ್ತಿತ್ತೋ ಅತ್ತ ನೋಡಿದ. ನಾನೂ ನೋಡಿದೆ. ಅದು ನೇರ ಮೊದಲ ಪುಟದ ದಡದ ಕಡೆಗೆ ಓಡುತ್ತಿತ್ತು. ಎಂಟೂ ಪುಟದಲ್ಲಿ.

ಭಾವ ತಲೆ ಎತ್ತಲಿಲ್ಲ. "ನೀನೂ ಹಾಂಗೇ ಅಂದ್ಕಂಡ್ಯಾ ಭಾವ?" ಎಂದು ಕೇಳಿದ.

"ಅಣ್ಣ, ಅದ್ ಹಾಂಗಲ್ಲ..." ಸುಮತಿ ಮುಂದೆ ಬಂದಳು.

"ಇರ್ಲಿ ಬಿಡ್. ಲಾಯ್ಕ್ ಬರ್ದಿದ. ಊರಿನವ್ರ್ ಬಾಯಲ್ ಹೇಳ್ತಿದ್ರ್, ಇವ ಕೈಯಲ್ ಹೇಳ್ದ." ಎದ್ದು ಕೊಡೆಗೆ ಕೈ ಹಾಕಿದ.

ನನಗೆ ವಿವರಿಸುವುದು ಬಹಳ ಇತ್ತು. ಕಿಟಕಿ, ದಿಕ್ಕು, ಎಡಗಿವಿ. ಅದನ್ನೆಲ್ಲ ಬಿಟ್ಟು ಬಾಗಿಲಿಗೆ ಅಡ್ಡ ನಿಂತೆ. "ತಪ್ಪಾಯ್ತ್ ಭಾವ" ಎಂದೆ. "ಮನ್ಸಿನ್ ತಪ್ಪಲ್ಲ, ಕೈಯಿನ್ ತಪ್ಪ್. ಬೇರೆ ಬರೀತೆ. ನೀ ಕೂಕಂಡ್ ತೋರ್ಸ್ಕ್." ಮುಂಬಯಿಯಲ್ಲಿ ಮಾಲೀಕರ ಎದುರು ನಾನು ಎಷ್ಟೋ ಸಲ ಸಾರಿ ಅಂದದ್ದುಂಟು. ತಪ್ಪಾಯ್ತು ಎಂದು ಮನಸ್ಸಿನಿಂದ ಹೇಳಿದ್ದು ಅದೇ ಮೊದಲು.

ಅವನು ನನ್ನ ಮುಖ ನೋಡಿದ. ಕೊಡೆಯನ್ನು ವಾಪಸು ಮೂಲೆಗೆ ಇಟ್ಟ.

ಉಳಿದದ್ದು ಹನ್ನೆರಡು ದಿನ. ಎಂಟು ಪುಟ. ನನ್ನ ಲೆಕ್ಕದಲ್ಲಿ ಇಪ್ಪತ್ತನಾಲ್ಕು ದಿನದ ಕೆಲಸ. ಪ್ರಕಾಶಕರಿಗೆ ಫೋನ್ ಮಾಡಿದರೆ, "ದಿನ ಮುಂದೆ ಹಾಕಲಿಕ್ಕಾಗುವುದಿಲ್ಲ, ತಪ್ಪಿದರೆ ಮುಂದಿನ ವರ್ಷವೇ" ಎಂದರು. ಸುಲಭದ ದಾರಿ ಒಂದಿತ್ತು. ಪುಟವನ್ನು ಫೋಟೋ ಹೊಡೆದು ಫೋನಿನಲ್ಲೇ ತಿರುಗಿಸಿಬಿಡುವುದು, ಕನ್ನಡಿಯಲ್ಲಿ ಕಂಡ ಹಾಗೆ. ಮಾಡಿಯೂ ನೋಡಿದೆ. ದೋಣಿ ಬಲಕ್ಕೆ ಹೋಯಿತು. ಆದರೆ ದೋಣಿಯ ನಂಬರು ತಿರುಗುಮುರುಗಾಯಿತು, ಎಡಗೈಯಲ್ಲಿ ಇಂಜಿನ್ ಹಿಡಿಯುವ ಭಾವ ಬಲಗೈಯವನಾದ, ಅವನ ಎಡಗೈಯ ತುಂಡಾದ ಕಿರುಬೆರಳಿನ ಮೊಂಡು ಬಲಗೈಗೆ ಹೋಯಿತು. ಅವನು ಸೀನ ಭಾವ ಆಗಿರಲಿಲ್ಲ, ಯಾರೋ ಬೇರೆ. ಅಳಿಸಿದೆ.

ಮೇಜನ್ನು ಎತ್ತಿ ತೆಂಕಣ ಗೋಡೆಗೆ ಮುಖ ಮಾಡಿಸಿದೆ. ಈಗ ಕಡಲು ಬಲಗಿವಿಗೆ ಬಂತು. ಬೆಳಕು ಬೆನ್ನಿಗೆ ಬಂತು, ಬರೆಯುವ ಜಾಗದ ಮೇಲೆ ನನ್ನದೇ ತಲೆಯ ನೆರಳು. ಆದರೂ ಹಾಗೇ ಕೂತೆ. ಕೈಗೆ ದಿಕ್ಕು ಗೊತ್ತಾಗಬೇಕಿತ್ತು. ಭಾವ ಬೆಳಿಗ್ಗೆಯ ಪಾಳಿ ಮುಗಿಸಿ ದಿನಾ ಬರುತ್ತಿದ್ದ. ಮಣೆಯ ಮೇಲೆ ಕೂತು, ಕಸಬರಿಕೆಯ ಕೋಲನ್ನು ಇಂಜಿನ್ನಿನ ಹಿಡಿಕೆಯ ಹಾಗೆ ಹಿಡಿದು, ಮೈ ಹೇಗೆ ವಾಲುತ್ತದೆ ಎಂದು ತೋರಿಸುತ್ತಿದ್ದ. ಸುಮತಿ ಶೀಟುಗಳನ್ನು ಕಪಾಟಿನಿಂದ ತೆಗೆಯುವುದು, ಇಡುವುದು. ಜಡಿಮಳೆ. ಶಾಯಿ ಒಣಗುವುದಿಲ್ಲ. ಕರೆಂಟು ಹೋದರೆ ಬಲ್ಬಿಲ್ಲ, ಆಗ ಅವಳು ಒಲೆಯ ಪಕ್ಕದಲ್ಲಿ ಶೀಟು ಹಿಡಿದು ಕೂರುತ್ತಿದ್ದಳು, ರೊಟ್ಟಿ ಕಾಯಿಸುವವರ ಹಾಗೆ. ಐದನೇ ಪುಟ ಮುಗಿಯುತ್ತಾ ಬಂದಾಗ ನನ್ನ ಹಣೆಯ ಬೆವರು ಒಂದು ಹನಿ ಬಿದ್ದು ಭಾವನ ಮುಖ ಕದಡಿಹೋಯಿತು. ಶೀಟನ್ನು ಹರಿಯಲು ಕೈ ಎತ್ತಿದ್ದೆ.

"ಹರೀಬೇಡ" ಎಂದ ಭಾವ. ಕಾಗದವನ್ನು ಹತ್ತಿರ ಹಿಡಿದು ನೋಡಿದ. "ನೀ ಬರ್ದ ಮೋರೆ ಸುಳ್ಳ್ ಇತ್ತ್. ಧೈರ್ಯದ್ ಮೋರೆ ಮಾಡಿದ್ದೆ ನೀ. ನಂಗ್ ಆವತ್ತ್ ಧೈರ್ಯ ಎಲ್ಲಿತ್ತ್? ಕೈಕಾಲ್ ನಡುಗ್ತಿತ್ತ್. ಹಾಂಗೇ ಮನಿಗ್ ಹೋದ್ರೆ ಆ ದೋಣಿಯವ್ರ್ ಅಮ್ಮಂಗೆ ಮೋರೆ ಹ್ಯಾಂಗ್ ತೋರ್ಸುದ್ ಅಂದೇಳಿ ಹೆದ್ರಿಕೆ. ಕಡ್ಲಿನ್ ಹೆದ್ರಿಕಿಗಿಂತ ಅದ್ ದೊಡ್ಡ್ ಇತ್ತ್. ಅದ್ಕೇ ಹೋದೆ. ಹಾಂಗ್ ಬರಿ."

ಹಾಗಾದರೆ ವಸಂತಿ ಆ ಬೆನ್ನಿನಲ್ಲಿ ಕಂಡ ಹೆದರಿಕೆ ಸುಳ್ಳಾಗಿರಲಿಲ್ಲ. ತಪ್ಪಿದ್ದು ದಿಕ್ಕು ಮಾತ್ರ. ಮುಗಿದ ಪುಟಗಳಲ್ಲೂ ಮುಂದಿನ ಪುಟಗಳಲ್ಲೂ ಬೆನ್ನನ್ನು ಹಾಗೇ ಉಳಿಸಿಕೊಂಡೆ, ಮುಖದಲ್ಲಿದ್ದ ಶೂರತನವನ್ನು ತೆಗೆದೆ. ನಲವತ್ತೊಂದನೇ ಪುಟದಲ್ಲಿ ಬಲೆ ಕಡಿಯುವ ಕತ್ತಿಯನ್ನು ಇಡೀ ಚೌಕಕ್ಕೆ ತುಂಬುವ ಹಾಗೆ ಬರೆದು, ಅದರ ಮರುಚೌಕದಿಂದ ನೋಡುವವನನ್ನು ದೋಣಿಯ ಆಚೆ ಬದಿಗೆ ಕರೆದುಕೊಂಡು ಹೋದೆ. ಅಲ್ಲಿಂದ ದೋಣಿ ಬಲಕ್ಕೆ, ಬಲಕ್ಕೆ, ಓದುವವನ ಕಣ್ಣಿನ ಜೊತೆಗೇ ಹೊರಗೆ ಹೋಯಿತು. ಊಟದ ಹೊತ್ತು, ಸ್ನಾನದ ಹೊತ್ತು ಯಾವುದೂ ನೆನಪಿಲ್ಲ. ಬಲಗೈಯ ಹೆಬ್ಬೆರಳು ಮಡಚಲಾಗದೆ ಬ್ರಶ್ಶನ್ನು ಬಟ್ಟೆಯಲ್ಲಿ ಕಟ್ಟಿಕೊಂಡದ್ದು ನೆನಪಿದೆ.

ಶನಿವಾರ ಎಂಟೂ ಮುಗಿಯಿತು. ಮುಗಿದದ್ದು ಸರಿಯೋ ತಪ್ಪೋ ಎಂದು ಹೇಳುವ ಕಣ್ಣು ನನ್ನಲ್ಲಿ ಉಳಿದಿರಲಿಲ್ಲ. ಭಾವನಿಗೆ ಗೊತ್ತು, ಸುಮತಿಗೆ ಗೊತ್ತು. ಗೊತ್ತಿದ್ದವರು ನೋಡಿ ಪ್ರಯೋಜನ ಇಲ್ಲ. ಫೋನನ್ನು ಮೂರು ಸಲ ಕೈಗೆ ತೆಗೆದುಕೊಂಡು ಇಟ್ಟು, ನಾಲ್ಕನೇ ಸಲ ವಸಂತಿಗೆ ಹಚ್ಚಿದೆ.

"ಹೇಳಿ ಶಂಕ್ರಣ್ಣ. ಆವತ್ತ್ ಬೈದದ್ದ್ ಮುಗೀತಾ, ಇನ್ನೂ ಬಾಕಿ ಇತ್ತಾ?"

"ನೀ ಹೇಳಿದ್ದ್ ಸಮ" ಎಂದೆ. "ಬೇರೆ ಬರ್ದಿದೆ. ನಾಳೆ ಬಂದ್ ಕಾಣ್ಕ್."

"ನಾ ಕಂಡ್ ಎಂತ ಆತ್ತ್? ನೀವ್ ಕಿರ್ಚದ್ದ್ ಇನ್ನೂ ಕಿವಿಯಂಗ್ ಇತ್ತ್, ಹೋಪುದ್ ಅಂದೇಳಿ ಗೊತ್ತಾಯ್ತ್. ನಮ್ಮನಿಯವ್ರನ್ನ ಕರ್ಕಂಡ್ ಬತ್ತೆ. ಅವ್ರಿಗೆ ಎಂತ ಹೇಳ್ಲಿಲ್ಲ."

ಭಾನುವಾರ ಬೆಳಿಗ್ಗೆ ಮಳೆಯಲ್ಲಿ ನೆನೆಯುತ್ತಾ ಬೈಕಿನಲ್ಲಿ ಇಬ್ಬರೂ ಬಂದರು. ಅವಳ ಗಂಡ ಉದಯ ಎಲೆಕ್ಟ್ರಿಷನ್. ಪುಸ್ತಕ ಓದುವುದು ಬಿಡಿ, ಹೆಂಡತಿ ಬರೆದ ಚಿತ್ರವನ್ನೂ ಪೂರ್ತಿ ನೋಡುವವನಲ್ಲ ಎಂದು ಅವಳೇ ದೂರುತ್ತಿದ್ದಳು. ತಲೆ ಒರೆಸಿಕೊಂಡು, "ಎಂತ ಮಾರ್ರೆ, ಪರೀಕ್ಷೆಯಾ? ನಾ ಎಸ್ಸೆಲ್ಸಿಯಂಗೇ ಡುಮ್ಕಿ" ಎಂದು ನಗುತ್ತಾ ಕುರ್ಚಿಯಲ್ಲಿ ಕೂತ. ಸೀನ ಭಾವ ಮೂಲೆಯ ಮಣೆಯ ಮೇಲೆ ಚಾದ ಲೋಟ ಹಿಡಿದು ಕೂತಿದ್ದ. ಇವನು ಯಾರೆಂದು ಉದಯನಿಗೆ ನಾವು ಹೇಳಲಿಲ್ಲ.

ಪುಟಗಳ ಕಟ್ಟನ್ನು ಉದಯನ ತೊಡೆಯ ಮೇಲೆ ಇಟ್ಟೆ. ಮೊದಲು ಬೇಗ ಬೇಗ ಮಗುಚಿದ. ಇಪ್ಪತ್ತನೇ ಪುಟದ ಹೊತ್ತಿಗೆ ನಗು ನಿಂತಿತು. ಮೂವತ್ತಕ್ಕೆ ಬಗ್ಗಿ ಕೂತ. ನಾನು ಗೋಡೆ ನೋಡುತ್ತಾ ನಿಂತೆ. ಕಾಗದ ತಿರುಗುವ ಸದ್ದಿನಿಂದಲೇ ಲೆಕ್ಕ ಹಿಡಿಯುತ್ತಿದ್ದೆ. ನಲವತ್ತು. ನಲವತ್ತೊಂದು. ವಸಂತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಸುಮತಿಯ ಒಲೆಯಲ್ಲಿ ಏನೋ ಉಕ್ಕುತ್ತಿತ್ತು, ಅವಳು ಹೋಗಲಿಲ್ಲ. ನಲವತ್ತೆಂಟನೇ ಪುಟದಲ್ಲಿ ಉದಯನ ಕೈ ನಿಂತಿತು.

"ಹ್ವಾಯ್, ಇಷ್ಟ್ ದೂರ ಹೋದ್ರಲೆ" ಎಂದ, ನನ್ನತ್ತ ತಲೆ ಎತ್ತಿ. "ಆ ದೋಣಿಯವ್ರ್ ಸಿಕ್ಕಿದ್ರಾ?"

ನಾನು ಭಾವನತ್ತ ತಿರುಗಿದೆ.

"ಇಲ್ಲ" ಎಂದ ಭಾವ ಮೂಲೆಯಿಂದ. "ಅವ್ರ್ ಆಗ್ಳೇ ಗಂಗೊಳ್ಳಿಗ್ ಮುಟ್ಟಿದ್ರ್."

"ಛೇ!" ಉದಯ ತೊಡೆ ತಟ್ಟಿದ. "ಪಾಪ ಮಾರ್ರೆ. ಮತ್ತೆ ಈ ಜನ ಎಂತ ಮಾಡ್ದ?"

"ವಾಪಾಸ್ ಬಂದೆ" ಎಂದ ಭಾವ.

ಉದಯ ಒಮ್ಮೆ ಪುಟವನ್ನೂ ಒಮ್ಮೆ ಅವನನ್ನೂ ನೋಡಿದ. ಮತ್ತೆ ಪುಟಗಳನ್ನು ಜೋಪಾನವಾಗಿ ವಸಂತಿಯ ಕೈಗೆ ಕೊಟ್ಟು ಎದ್ದ. ತಾನು ಕೂತಿದ್ದ ಕುರ್ಚಿಯನ್ನು ಭಾವನ ಕಡೆಗೆ ಸರಿಸಿ, "ಬನ್ನಿ ಅಣ್ಣ, ಇಲ್ ಕೂಕಣಿ" ಎಂದ.